ದೊಡ್ಡ ಸಾಹೇಬರು ಹೊಳೆಗಿಳಿದ ದಿನ

ಫೆಬ್ರವರಿ 2

ಅತ್ತಿಗೆ,

ತಲುಪಿ ವಾರವಾದರೂ ಫೋನ್ ಮಾಡಲಿಲ್ಲವೆಂದು ಬೈಯಬೇಡಿ. ಇಲ್ಲಿ ಗೇಟಿನಲ್ಲೇ ಎಲ್ಲರ ಫೋನು ಕಿತ್ತುಕೊಂಡು ಕಪಾಟಿಗೆ ಹಾಕಿ ಬೀಗ ಜಡಿಯುತ್ತಾರೆ. ಸೆಟ್ಟಿನ ಒಂದು ಫೋಟೋ ಹೊರಬಿದ್ದರೂ ನಿರ್ಮಾಪಕರಿಗೆ ಎದೆನೋವು. ಸಾಮಾನಿನ ಲಾರಿಯ ಡ್ರೈವರ್ ಒಳ್ಳೆಯವನು. ಕಾಗದ ಕೊಟ್ಟರೆ ಪೇಟೆಯಲ್ಲಿ ಅಂಚೆಗೆ ಹಾಕುತ್ತಾನೆ, ನಿಮ್ಮ ಉತ್ತರವನ್ನೂ ಅವನೇ ತರುತ್ತಾನೆ.

ಕೈತುಂಬ ಕೆಲಸವಿದೆ. ಇಷ್ಟು ದೊಡ್ಡ ಸಿನಿಮಾಕ್ಕೆ ನಾನು ಎಂದೂ ಬಾಂಬು ಸಿಡಿಸಿಲ್ಲ. ಹೊಳೆಯ ಎರಡೂ ದಡದಲ್ಲಿ ಕಂದಕ ತೋಡಿದ್ದಾರೆ. ಆಚೆ ದಡದಲ್ಲಿ ಪ್ಲೈವುಡ್ಡಿನ ಪಂಪ್‌ಹೌಸ್ ಕಟ್ಟಿ, ಅದಕ್ಕೆ ಗುಂಡೇಟಿನ ತೂತುಗಳನ್ನು ಡ್ರಿಲ್ಲಿನಿಂದ ಕೊರೆಯುತ್ತಿದ್ದಾರೆ. ಊಟಕ್ಕೆ ಸಾಲು ನಿಂತರೆ ನನ್ನ ಮುಂದೆ ತಲೆ ಒಡೆದ ಸಿಪಾಯಿ, ಹಿಂದೆ ಕರುಳು ಹೊರಬಂದವನು. ಇಬ್ಬರೂ ನಿನ್ನೆಯ ಅಡುಗೆಗೆ ಉಪ್ಪು ಜಾಸ್ತಿಯಾಗಿತ್ತೆಂದು ಗೊಣಗುತ್ತಿರುತ್ತಾರೆ.

ಪಂಪ್‌ಹೌಸ್ ಎಂದು ಓದಿದಾಗಲೇ ನಿಮಗೆ ತಿಳಿದಿರಬೇಕು. ಯುದ್ಧದ ಸಿನಿಮಾ ಎಂದಷ್ಟೇ ಹೇಳಿ ಮನೆ ಬಿಟ್ಟಿದ್ದೆ. ಯಾವ ಯುದ್ಧವೆಂದು ಹೇಳಲು ಬಾಯಿ ಬರಲಿಲ್ಲ. ಇದು ನಮ್ಮ ಅಣ್ಣ ಹೋದ ಕಾರ್ಯಾಚರಣೆಯದೇ ಸಿನಿಮಾ. ಆವತ್ತು ಸೈನ್ಯ ನಡೆಸಿದ್ದ ದೊಡ್ಡ ಸಾಹೇಬರು ಬರೆದುಕೊಂಡ ಆತ್ಮಕಥೆಯಿಂದ ತೆಗೆದದ್ದು. ಅವರೂ ಇಲ್ಲೇ ಇದ್ದಾರೆ, ಸಲಹೆಗಾರರಾಗಿ. ನಾನು ಯಾರ ತಮ್ಮನೆಂದು ಇಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎಲ್ಲರಿಗೂ ನಾನು ಪಟಾಕಿ, ಅಷ್ಟೇ.

ನೀವು ಪೇಪರಿನಲ್ಲಿ ಓದುವುದಕ್ಕಿಂತ ನಾನೇ ಹೇಳುವುದು ಲೇಸೆಂದು ಬರೆದೆ. ಅಮ್ಮನಿಗೆ ಸದ್ಯಕ್ಕೆ ಬೇಡ. ಕೆಲಸ ಕೆಲಸವೇ, ಮನಸ್ಸಿನಲ್ಲಿ ಬೇರೇನೂ ಇಟ್ಟುಕೊಂಡು ಬಂದಿಲ್ಲ.

ನಿಮ್ಮ ಮೈದುನ,
ಪಟಾಕಿ


ಫೆಬ್ರವರಿ 9

ಪಟಾಕಿ,

ನಿನ್ನ ಕಾಗದವನ್ನು ಕಾರಿನಲ್ಲಿ ಕೂತು ಒಡೆದೆ. ಒಬ್ಬ ದರ್ಜಿ ಸ್ಟೀರಿಂಗ್ ಹಿಡಿದು ಬೆವರುತ್ತಿದ್ದ, ಕೆಂಪು ದೀಪ ಬಿದ್ದಿತ್ತು. ಹಸಿರು ಬಂತು, ಹಿಂದಿನವರೆಲ್ಲ ಹಾರನ್ ಹೊಡೆದರು, ಕಾರು ಅಲುಗಲಿಲ್ಲ. ನನ್ನ ಕಡೆಯ ಬ್ರೇಕಿನ ಮೇಲೆ ನನ್ನ ಕಾಲು ಕಲ್ಲಿನ ಹಾಗೆ ಕೂತಿತ್ತು. "ಮೇಡಂ, ಕಾಲು ತೆಗೀರಿ" ಅಂದ ದರ್ಜಿ. ಡ್ರೈವಿಂಗ್ ಸ್ಕೂಲು ಶುರುಮಾಡಿದ ಮೇಲೆ ಕಲಿಯುವವರಿಂದ ನಾನು ಪಾಠ ಹೇಳಿಸಿಕೊಂಡದ್ದು ಅದೇ ಮೊದಲು.

ಕೆಲಸ ಕೆಲಸವೇ ಅಂತೆ. ನಿನ್ನಣ್ಣನನ್ನು ತಿಂದವನ ಜೊತೆ ಕೂತು ಉಣ್ಣಲು ನಿನ್ನ ಗಂಟಲಲ್ಲಿ ತುತ್ತು ಹೇಗೆ ಇಳಿಯುತ್ತದೋ? ಮರೆತಿದ್ದರೆ ನೆನಪು ಮಾಡುತ್ತೇನೆ, ಕೇಳು. ಹನ್ನೊಂದು ವರ್ಷದ ಹಿಂದೆ ನಿನ್ನಣ್ಣ ತನ್ನ ತುಕಡಿಯೊಂದಿಗೆ ಹೊಳೆ ದಾಟಿ ಆ ಪಂಪ್‌ಹೌಸ್ ಹಿಡಿದ. ಬೆಳಗಾಗುವುದರೊಳಗೆ ಉಳಿದ ಸೈನ್ಯ ದೋಣಿಗಳಲ್ಲಿ ಹೋಗಿ ಸೇರಬೇಕಿತ್ತು. ಹೋಗಲಿಲ್ಲ. ಅವನು ರೇಡಿಯೋದಲ್ಲಿ ದೋಣಿ ಕೇಳುತ್ತಲೇ ಇದ್ದ, "ಜಾಗ ಬಿಡಬೇಡಿ, ದೋಣಿ ಹೊರಟಿವೆ" ಎಂದು ಈ ಕಡೆಯವರು ಹೇಳುತ್ತಲೇ ಇದ್ದರು. ಒಂದು ದೋಣಿಯ ಹಗ್ಗವನ್ನೂ ಯಾರೂ ಬಿಚ್ಚಿರಲಿಲ್ಲ. ಇದನ್ನು ನಮಗೆ ಹೇಳಿದವನು ಅವನ ರೇಡಿಯೋದವನು, ಒಂದು ಕಾಲನ್ನು ಅಲ್ಲೇ ಬಿಟ್ಟು ಜೀವ ಹಿಡಿದು ಬಂದವನು. ವಿಚಾರಣೆಯಲ್ಲಿ ಅವನ ಮಾತನ್ನು ಜ್ವರದ ಬಡಬಡಿಕೆ ಎಂದರು. ದೊಡ್ಡ ಸಾಹೇಬನ ಮಾತನ್ನು ನಂಬಿದರು: ಕ್ಯಾಪ್ಟನ್ ಹೆದರಿ ಜಾಗ ಬಿಟ್ಟು ಓಡಿದ, ಅದಕ್ಕೇ ದೋಣಿ ನಿಲ್ಲಿಸಬೇಕಾಯಿತು ಎಂದು. ತುಕಡಿಯಲ್ಲಿ ಸತ್ತವರ ಹೆಸರೆಲ್ಲ ಬ್ಯಾರಕ್ಕಿನ ಕಲ್ಲಿನ ಮೇಲಿವೆ, ನಿನ್ನಣ್ಣನದು ಬಿಟ್ಟು. ಈ ಬೀದಿಯಲ್ಲಿ ಈಗಲೂ ನಮ್ಮದು "ಓಡಿಬಂದವನ ಮನೆ". ಓಡಿಬಂದಿದ್ದರೆ ಮನೆಗೆ ಬರುತ್ತಿರಲಿಲ್ಲವೇ ಎಂದು ಒಬ್ಬನೂ ಯೋಚಿಸಲಿಲ್ಲ.

ಅತ್ತೆಗೆ ಹೇಳಿಲ್ಲ. ಕಣ್ಣು ಪೂರಾ ಮಂಜಾಗಿದೆ, ಕಿವಿ ಮಾತ್ರ ಗೋಡೆಯಾಚೆಯದನ್ನೂ ಕೇಳುತ್ತದೆ.

ಒಂದು ವಿಷಯ ಬರೆ. ನೀನು ಬಾಂಬು ಸಿಡಿಸುವಾಗ ಅವನು ಎಷ್ಟು ಹತ್ತಿರ ನಿಂತಿರುತ್ತಾನೆ?

ಅತ್ತಿಗೆ


ಫೆಬ್ರವರಿ 17

ಅತ್ತಿಗೆ,

ದೂರವೇ ನಿಂತಿರುತ್ತಾರೆ. ಡೈರೆಕ್ಟರ ಪಕ್ಕ ಮಡಚುವ ಕುರ್ಚಿ ಹಾಕಿಸಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು.

ಅವರು ಹೇಗಿದ್ದಾರೆಂದು ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ನಾನು ಯೋಚಿಸಿಕೊಂಡಿದ್ದ ಹಾಗಿಲ್ಲ. ಬೆಳಿಗ್ಗೆ ಎದ್ದು ಬಿಸಿನೀರು ಕುಡಿಯುತ್ತಾರೆ, ಕ್ಯಾಂಪಿನ ನಾಯಿಗಳಿಗೆ ಬಿಸ್ಕತ್ತು ಹಾಕುತ್ತಾರೆ. ಅಡುಗೆಯವರಿಂದ ಹಿಡಿದು ಲೈಟು ಹೊರುವವರವರೆಗೆ ಎಲ್ಲರ ಹೆಸರೂ ಬಾಯಲ್ಲೇ ಇದೆ. ನನ್ನನ್ನು ಕಂಡರೆ ವಿಶೇಷ ಪ್ರೀತಿ. ನಾನು ತಂತಿ ಜೋಡಿಸುವುದನ್ನು ನೋಡುತ್ತ, "ನಿನ್ನಂಥೋನು ಒಬ್ಬ ಇದ್ದಿದ್ರೆ ಆವತ್ತು ಗೆಲ್ತಿದ್ವಿ ಕಣಯ್ಯ" ಎನ್ನುತ್ತಾರೆ.

ಮೊನ್ನೆ ರೇಡಿಯೋ ದೃಶ್ಯದ ತಾಲೀಮಿತ್ತು. ಅಣ್ಣನ ಪಾತ್ರ ಮಾಡುವ ನಟ ತುಂಬ ಸೌಮ್ಯ, ಮೀಸೆ ಚಿಗುರಿದ ಮುಖ. "ಸರ್, ಕ್ಯಾಪ್ಟನ್ ಹೇಗೆ ಮಾತಾಡಿದ್ರು?" ಎಂದು ಕೇಳಿದ. ಸಾಹೇಬರು ಎದ್ದು ನಿಂತು, ಮೈಕು ಹಿಡಿದ ಹಾಗೆ ಕೈ ಮಾಡಿ, ಮೊಣಕಾಲು ನಡುಗಿಸುತ್ತ, "ನನ್ನನ್ನ ಕರ್ಕೊಂಡ್ಹೋಗಿ, ನನ್ನನ್ನ ಕರ್ಕೊಂಡ್ಹೋಗಿ" ಎಂದು ಕೀರಲು ದನಿಯಲ್ಲಿ ಅತ್ತು ತೋರಿಸಿದರು. ಸೆಟ್ಟಿಗೆ ಸೆಟ್ಟೇ ನಕ್ಕಿತು. ನಾನು ತಂತಿ ಸುತ್ತುವ ನೆಪದಲ್ಲಿ ಹೊಳೆಯ ಕಡೆಗೆ ಹೋದೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ.

ಇನ್ನೊಂದು ಸುದ್ದಿ. ಕೊನೆಯ ದೊಡ್ಡ ದೃಶ್ಯದಲ್ಲಿ ಅವರ ಪಾತ್ರವನ್ನು ಅವರೇ ಮಾಡುತ್ತಾರಂತೆ. ಓಡಿಹೋದ ಕ್ಯಾಪ್ಟನ್ನಿನ ಸಿಪಾಯಿಗಳನ್ನು ಉಳಿಸಲು ಮೊದಲ ದೋಣಿ ಹತ್ತಿ ತಾವೇ ಹೊಳೆ ದಾಟುವುದು. ಆವತ್ತು ಅವರು ದೋಣಿಯ ನೆರಳನ್ನೂ ಮುಟ್ಟಿರಲಿಲ್ಲ. ಸಿನಿಮಾದಲ್ಲಿ ಈಗ ಮುಟ್ಟುತ್ತಾರೆ.

ಪಟಾಕಿ


ಫೆಬ್ರವರಿ 24

ಪಟಾಕಿ,

ನಿನ್ನ ಕಾಗದದ ಕೊನೆಯ ಭಾಗವನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಬಿಸ್ಕತ್ತು, ಬಿಸಿನೀರು ನನಗೆ ಬೇಡ.

ಅವನು ದೋಣಿ ಹತ್ತುತ್ತಾನೆ. ನೀರಿನೊಳಗೆ ಮದ್ದು ಕಟ್ಟುವವನು ನೀನು. ಗುಂಡಿ ಒತ್ತುವ ಬೆರಳು ನಿನ್ನದು. ಇನ್ನು ನಾನು ಬಿಡಿಸಿ ಬರೆಯಬೇಕೇ? ಬರೆಯುತ್ತೇನೆ. ಕೈಗೆ ಬಂದ ತುತ್ತನ್ನು ನೆಲಕ್ಕೆ ಹಾಕಬೇಡ. ಸಿನಿಮಾದವರ ಬಾಂಬು ಕೈಜಾರುವುದು ಹೊಸದಲ್ಲ. ನಾಲ್ಕು ದಿನ ಪೇಪರಿನಲ್ಲಿ ಬರುತ್ತದೆ, ಆಮೇಲೆ ಮರೆಯುತ್ತಾರೆ. ನನ್ನ ಗಂಡನ ವಿಷಯದಲ್ಲಿ ಅದೂ ಬಂದಿರಲಿಲ್ಲ.

ಮೊಣಕಾಲು ನಡುಗಿಸಿ ತೋರಿಸಿದನಲ್ಲ, ಆ ಮೊಣಕಾಲು ನನಗೆ ಬೇಕು.

ಪಾಪ ಪುಣ್ಯದ ಮಾತು ಬರೆಯಬೇಡ. ಅದನ್ನು ಹೇಳಲು ಈ ಬೀದಿಯಲ್ಲಿ ಬೇಕಾದಷ್ಟು ಜನರಿದ್ದಾರೆ.

ಅತ್ತಿಗೆ


ಮಾರ್ಚ್ 8

ಪಟಾಕಿ,

ಲಾರಿಯವನಿಗೆ ಕೈಕಾಲು ಬಿದ್ದುಹೋಗಿವೆಯೋ, ನಿನ್ನ ಪೆನ್ನಿಗೋ? ಇಷ್ಟು ದಿನವಾದರೂ ಒಂದು ಗೆರೆಯಿಲ್ಲ.

ನನಗೆ ಅರ್ಥವಾಯಿತು ಬಿಡು. "ನಿನ್ನಂಥೋನು ಒಬ್ಬ ಇದ್ದಿದ್ರೆ" ಎಂದನಲ್ಲ, ಅಲ್ಲಿಗೇ ನೀನು ಕರಗಿದೆ. ನಾಯಿಗಳ ಸಾಲಿನಲ್ಲಿ ನೀನೂ ನಿಂತು ಬಿಸ್ಕತ್ತು ತಿನ್ನುತ್ತಿರಬೇಕು. ನಿನ್ನಣ್ಣ ನಿನಗೆ ಸೈಕಲ್ ಕಲಿಸುವಾಗ ಹಿಂದಿನಿಂದ ಸೀಟು ಹಿಡಿದು ಬೀದಿಯುದ್ದ ಓಡುತ್ತಿದ್ದನೆಂದು ಅತ್ತೆ ಹೇಳುತ್ತಿರುತ್ತಾರೆ. ಅವನು ಎಂದೂ ನಿನ್ನ ಕೈಬಿಡಲಿಲ್ಲ.

ನಿನ್ನ ಕೈಲಾಗದಿದ್ದರೆ ಹೇಳು. ನಾನೇ ಬರುತ್ತೇನೆ. ನನ್ನ ಹತ್ತಿರ ಮದ್ದಿಲ್ಲ, ಕಾರಿದೆ.

ಅತ್ತಿಗೆ


ಮಾರ್ಚ್ 11

ಅತ್ತಿಗೆ,

ಬರಬೇಡಿ. ಇನ್ನು ಕಾಗದವನ್ನೂ ಬರೆಯಬೇಡಿ.

ಉತ್ತರ ಬರೆಯದಿದ್ದುದಕ್ಕೆ ಕಾರಣವಿದೆ. ಅವರು ಒಂದು ಮಧ್ಯಾಹ್ನ ನನ್ನ ಹತ್ತಿರ ಒಂದು ಮಾತಾಡಿದರು. ಏನೆಂದು ಈಗ ಹೇಳುವುದಿಲ್ಲ. ಹೇಳಿದರೆ ನೀವು ಈ ಕಾಗದ ಓದಿ ಮುಗಿಸುವ ಮೊದಲೇ ಕಾರು ಹತ್ತುತ್ತೀರಿ.

ಮೊದಲ ದೋಣಿಯಲ್ಲಿ ಅವರ ಜೊತೆ ಅಂಬಿಗ, ಕ್ಯಾಮೆರಾದವನು, ನಾಲ್ಕು ಜನ ಸಿಪಾಯಿ ವೇಷದವರು ಇರಬೇಕಿತ್ತು. ವೀರನಾದವನು ಒಬ್ಬನೇ ಮುಂದೆ ಇದ್ದರೆ ಚೆನ್ನಾಗಿ ಕಾಣುತ್ತದೆಂದು ನಾನು ಡೈರೆಕ್ಟರಿಗೆ ಹೇಳಿದೆ. ಅವರಿಗೂ ಹಿಡಿಸಿತು, ಸಾಹೇಬರಿಗಂತೂ ಬಹಳ ಹಿಡಿಸಿತು. ಈಗ ಆ ದೋಣಿಯಲ್ಲಿ ಅವರೊಬ್ಬರೇ, ಜೊತೆಗೆ ದೋಣಿಯ ಮೂತಿಗೆ ಬಿಗಿದ ಒಂದು ಕ್ಯಾಮೆರಾ. ಬರುವ ವಾರ ಚಿತ್ರೀಕರಣ.

ಉಳಿದದ್ದು ನನಗೆ ಬಿಡಿ. ಅಮ್ಮನ ಕಾಲಿಗೆ ನನ್ನ ನಮಸ್ಕಾರ ತಿಳಿಸಿ.

ಪಟಾಕಿ


ಮಾರ್ಚ್ 15

ಪಟಾಕಿ,

ಬೇಡ. ಮಾಡಬೇಡ. ಇದನ್ನು ಓದಿದ ತಕ್ಷಣ ತಂತಿ ಬಿಚ್ಚು.

ಅಮ್ಮನ ಕಾಲಿಗೆ ನಮಸ್ಕಾರ ಎಂದು ಬರೆದೆಯಲ್ಲ, ನೀನು ಎಂದೂ ಹಾಗೆ ಬರೆದವನಲ್ಲ. ಕೊನೆಯ ಕಾಗದ ಬರೆಯುವವರ ಮಾತು ಅದು. ಆದರೂ ಒಳಗೊಳಗೇ ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ. ಆ ಹಿಗ್ಗಿನಲ್ಲೇ ಅತ್ತೆಯ ಪಕ್ಕ ಕೂತು ಎಲ್ಲ ಹೇಳಿದೆ. ಹರಸುತ್ತಾರೆ ಎಂದುಕೊಂಡೆ. ಅವರು ಹಾಸಿಗೆಯ ಅಂಚು ತಡವುತ್ತ ಕೂತಿದ್ದರು. ಆಮೇಲೆ, "ಒಬ್ಬನ್ನ ಅವನೇ ತಗೊಂಡ. ಇನ್ನೊಬ್ಬನ್ನ ನೀನಾಗೇ ಕೊಡ್ತಿದೀಯಾ?" ಅಂದರು. ಮದ್ದಿನವನ ಕೈಜಾರಿತು ಎಂದರೆ ಮೊದಲು ಹಿಡಿಯುವುದು ಮದ್ದಿನವನನ್ನೇ. ನೀನು ಯಾರ ತಮ್ಮನೆಂದು ಗೊತ್ತಾದ ಮೇಲೆ ನೇಣಿನ ಹಗ್ಗಕ್ಕೆ ಬೇರೆ ಸಾಕ್ಷಿ ಬೇಕೇ? ನನ್ನ ಹೊಟ್ಟೆಯ ಕಿಚ್ಚಿಗೆ ನಿನ್ನನ್ನು ಸೌದೆ ಮಾಡಿದೆ.

ಅವನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ಅವನ ಹೆಸರೆತ್ತಿದರೆ ಈಗಲೂ ನನ್ನ ಹಲ್ಲು ಕಟಕಟ ಎನ್ನುತ್ತದೆ. ಅತ್ತೆಯೂ ಕ್ಷಮಿಸಿಲ್ಲ. ಅವರಿಗೆ ಮಗ ಬೇಕು, ಅಷ್ಟೇ.

ಇದನ್ನು ಅಂಚೆಗೆ ಹಾಕದೆ ಪೇಟೆಯ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೇನೆ. ನನ್ನ ಹತ್ತಿರವೇ ಕಲಿತವನು. ನಿನ್ನ ಲಾರಿಯವನಿಗೆ ತಲುಪಿಸುತ್ತಾನೆ.

ಅತ್ತಿಗೆ


ಮಾರ್ಚ್ 19

ಅತ್ತಿಗೆ,

ನಿಮ್ಮ ಕಾಗದ ಮೊನ್ನೆ ಸಂಜೆ ಲಾರಿಯಲ್ಲಿ ಬಂತು, ಎಲ್ಲ ಮುಗಿದ ಮೇಲೆ. ಗಾಬರಿಯಾಗಬೇಡಿ. ಅವರು ಬದುಕಿದ್ದಾರೆ. ನಾನೂ.

ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ದೋಣಿಯ ಹಿಂಭಾಗಕ್ಕೆ ಉಕ್ಕಿನ ಹಗ್ಗ ಕಟ್ಟಿ ದಡದ ವಿಂಚು ಯಂತ್ರಕ್ಕೆ ಸುತ್ತಿದ್ದರು. ಶಾಟ್ ಮುಗಿದ ಮೇಲೆ ಎಳೆದುಕೊಳ್ಳಲು. ಮದ್ದಿನವನು ಹಸಿರು ಬಾವುಟ ಎತ್ತುವವರೆಗೆ ಯಾರೂ ನೀರಿನ ಕಡೆ ಕೈಹಾಕುವಂತಿಲ್ಲ, ಅದು ಸೆಟ್ಟಿನ ಕಾಯಿದೆ. ಸಾಹೇಬರ ಎದೆಗೆ ರೇಡಿಯೋ ಕಟ್ಟಿತ್ತು. ಆಟಿಕೆ ಬೇಡ, ನಿಜವಾದದ್ದೇ ಬೇಕೆಂದು ಹಟ ಹಿಡಿದವರು ಅವರೇ. ಅವರ ಮಾತು ಸೌಂಡ್ ರೆಕಾರ್ಡ್ ಮಾಡುವಾಕೆಯ ಪೆಟ್ಟಿಗೆಗೂ ದಡದ ಧ್ವನಿವರ್ಧಕಕ್ಕೂ ಹೋಗುತ್ತಿತ್ತು. ಅವರ ಜೊತೆ ಮಾತಾಡುವ ಇನ್ನೊಂದು ರೇಡಿಯೋ ನನ್ನ ಹತ್ತಿರ.

ಉಳಿದ ಮದ್ದೆಲ್ಲ ಕಾಯಿದೆ ಪ್ರಕಾರ ದೂರದಲ್ಲಿತ್ತು. ಒಂದನ್ನು ಮಾತ್ರ ದೋಣಿ ನಿಲ್ಲುವ ಜಾಗದಲ್ಲೇ ಕಟ್ಟಿದ್ದೆ. ಅದರ ತಂತಿ ನನ್ನ ಗುಂಡಿಗಳ ಹಲಗೆಯಲ್ಲಿ ಕೊನೆಯ ಗುಂಡಿಗಿತ್ತು. ನೀವು ಹೇಳಿದ್ದಕ್ಕೆ ಕಟ್ಟಿದೆ ಎಂದು ನಿಮ್ಮ ಮೇಲೆ ಹಾಕುವುದಿಲ್ಲ. ಅವರು ಆ ಮಧ್ಯಾಹ್ನ ಆಡಿದ ಮಾತಿಗೆ ಕಟ್ಟಿದೆ. ನಾನು ಸುಮ್ಮನೆ ಮಾತಿಗೆಳೆಯಲು, "ಕ್ಯಾಪ್ಟನ್ ಅಷ್ಟು ಪುಕ್ಕಲನಾ ಸರ್?" ಎಂದು ಕೇಳಿದ್ದೆ. ನಾಯಿಯ ಬಾಯಿಗೆ ಬಿಸ್ಕತ್ತು ಇಡುತ್ತ ಅವರು, "ಅವನು ಹೆದರಲಿಲ್ಲ ಕಣಯ್ಯ. ಆದ್ರೆ ಯಾರಾದ್ರೂ ಒಬ್ರು ಹೆದರ್ಲೇಬೇಕಿತ್ತಲ್ಲ, ಸತ್ತೋನ ಮೇಲೆ ಹಾಕಿದ್ರೆ ಯಾರಿಗೂ ನೋವಿಲ್ಲ" ಎಂದರು. ಯಾರಿಗೂ ನೋವಿಲ್ಲವಂತೆ.

ದಡದಿಂದ ತಳ್ಳಿಬಿಟ್ಟ ದೋಣಿ ಹಗ್ಗದುದ್ದಕ್ಕೂ ಸಾಗಿ ಹೊಳೆಯ ನಡುವೆ ನಿಂತಿತು. ಹೊಗೆ ಬಿಟ್ಟೆ. ಎರಡೂ ದಡ ಕಾಣದಷ್ಟು ಬಿಟ್ಟೆ. ಆಮೇಲೆ ಒಂದೊಂದಾಗಿ ಗುಂಡಿ ಒತ್ತಿದೆ. ಎಡಕ್ಕೊಂದು ನೀರಿನ ಕಂಬ, ಬಲಕ್ಕೊಂದು, ಹಿಂದೆ ಒಂದು. ಬರೆದುಕೊಟ್ಟಿದ್ದ ಮಾತು "ಮುನ್ನುಗ್ಗಿ, ನಾನಿದೀನಿ" ಎಂದು. ಮೊದಲನೆಯ ಸಲ ಹೇಳಿದರು. ದೋಣಿ ಓಲಾಡಿ, ತಲೆಯ ಮೇಲೆ ನೀರು ಬಿದ್ದ ಮೇಲೆ ದನಿ ಬದಲಾಯಿತು. "ಸಾಕು, ಎಳ್ಕೊಳಿ" ಎಂದರು. ಡೈರೆಕ್ಟರು ಕಟ್ ಹೇಳಲಿಲ್ಲ, ಅವರಿಗೆ ಶಾಟ್ ಸಿಗುತ್ತಿತ್ತು. ನಾನು ರೇಡಿಯೋ ಎತ್ತಿ, "ಜಾಗ ಬಿಡಬೇಡಿ. ದೋಣಿ ಹೊರಟಿವೆ" ಅಂದೆ.

ಅವರ ರೇಡಿಯೋ ಗರಗರ ಎಂದಿತು. ಆಮೇಲೆ, "ಯಾರದು?" ಎಂದರು.

"ಕ್ಯಾಪ್ಟನ್ ತಮ್ಮ."

ಮತ್ತೊಂದು ಗುಂಡಿ ಒತ್ತಿದೆ. ಅವರು ದೋಣಿಯ ತಳಕ್ಕೆ ಕುಸಿದರು. ಹೊಗೆ ಸ್ವಲ್ಪ ಸರಿದಾಗ ಕಂಡಿತು, ಎರಡೂ ಕೈಯಿಂದ ದೋಣಿಯ ಅಡ್ಡಹಲಗೆ ಅಪ್ಪಿಕೊಂಡಿದ್ದರು. "ಅಮ್ಮಾ, ನನ್ನನ್ನ ಕರ್ಕೊಂಡ್ಹೋಗಿ, ಅಮ್ಮಾ" ಎಂದು ಕೂಗುತ್ತಿದ್ದರು. ಧ್ವನಿವರ್ಧಕದಲ್ಲಿ ಇಡೀ ದಡಕ್ಕೆ ಕೇಳುತ್ತಿತ್ತು. ಸಿಪಾಯಿ ವೇಷದವರೆಲ್ಲ ಬಂದೂಕು ಇಳಿಸಿ ನಿಂತರು. ಯಾರೂ ನಗಲಿಲ್ಲ. ನನ್ನ ಬೆರಳು ಕೊನೆಯ ಗುಂಡಿಯ ಮೇಲಿತ್ತು.

ಒತ್ತಲಿಲ್ಲ. ಕನಿಕರದಿಂದಲ್ಲ. ಈಗ ಸತ್ತರೆ ಇವರಿಗೂ ಒಂದು ಕಲ್ಲು ನೆಟ್ಟು ಹೆಸರು ಕೊರೆಯುತ್ತಾರೆ ಎನಿಸಿತು. ಬದುಕಲಿ, ಈ ಕೂಗನ್ನು ಕಿವಿಯಲ್ಲಿಟ್ಟುಕೊಂಡು ಬದುಕಲಿ ಎಂದು ಬಾವುಟ ಎತ್ತಿದೆ.

ಮಾರನೆಯ ಬೆಳಿಗ್ಗೆ ನನ್ನನ್ನು ಗೇಟಿನಾಚೆಗೆ ಹಾಕಿದರು. ಹೊರಡುವಾಗ ಡೈರೆಕ್ಟರು ಪೆನ್ಸಿಲ್ ಕಚ್ಚುತ್ತ, "ನೀನು ಮಾಡಿದ್ದು ಮಹಾ ತಪ್ಪು. ಆದ್ರೆ ಆ ಶಾಟ್ ಮಾತ್ರ ಚಿನ್ನ" ಅಂದರು. ಅದನ್ನು ಸಿನಿಮಾದಲ್ಲಿ ಇಡುತ್ತಾರಂತೆ.

ಪಟಾಕಿ


ಏಪ್ರಿಲ್ 12

ಪಟಾಕಿ,

ಕಲ್ಲುಕ್ವಾರಿಯಲ್ಲಿ ಕೆಲಸ ಸಿಕ್ಕಿತೆಂದು ಫೋನಿನಲ್ಲಿ ಹೇಳಿದೆಯಲ್ಲ, ಒಳ್ಳೆಯದಾಯಿತು. ಈ ವಿಷಯ ಮಾತ್ರ ಫೋನಿನಲ್ಲಿ ಬೇಡ. ಅತ್ತೆಯ ಕಿವಿ ನಿನಗೆ ಗೊತ್ತು. ಕಾಗದವೇ ಇರಲಿ.

ನಿನ್ನೆ ಅವನು ಬಂದಿದ್ದ.

ಆಫೀಸಿನ ಬೆಂಚಿನ ಮೇಲೆ, ಲೈಸೆನ್ಸಿಗೆ ಕಾಯುವವರ ನಡುವೆ, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾನು ಯಾರೋ ಕಲಿಯಲು ಬಂದ ಮುದುಕ ಎಂದುಕೊಂಡೆ. ಹೆಸರು ಹೇಳಿದ. ಅಷ್ಟು ಜನರೆದುರು ಮಾತು ಬೇಡವೆಂದು ಕಾರಿನಲ್ಲಿ ಕೂರಿಸಿಕೊಂಡು ನಾವು ರಿವರ್ಸ್ ಕಲಿಸುವ ಮೈದಾನಕ್ಕೆ ಹೋದೆ. ದಾರಿಯಲ್ಲಿ ಒಂದು ಲಾರಿ ಎದುರಾಯಿತು. ಸ್ಟೀರಿಂಗ್ ಒಂದು ಗೇಣು ಆಚೆ ತಿರುಗಿಸಿದ್ದರೆ ಸಾಕಿತ್ತು. ಕೈ ಅಲ್ಲಿಯವರೆಗೆ ಹೋಗಿತ್ತು. ಅತ್ತೆಯ ಮಾತು ನೆನಪಾಯಿತು.

ಮೈದಾನದಲ್ಲಿ ಟೈರುಗಳ ಸಾಲಿನ ಪಕ್ಕ ಕಾರು ನಿಲ್ಲಿಸಿದೆ. ಅವನು ಎದುರಿನ ಗಾಜು ನೋಡುತ್ತ ಮಾತಾಡಿದ.

"ಡೈರೆಕ್ಟರು ನನ್ನ ಮಾತು ಕೇಳ್ತಿಲ್ಲಮ್ಮ. ಕ್ಯಾಪ್ಟನ್ ಮನೆಯವರು ಬೇಡ ಅಂದ್ರೆ ಮಾತ್ರ ಆ ಶಾಟ್ ತೆಗೆದುಹಾಕ್ತೀನಿ ಅಂತಾರೆ. ನೀವು ಕೋರ್ಟಿಗೆ ಹೋಗ್ತೀರ ಅನ್ನೋ ಭಯ ಅವರಿಗೆ."

"ನಿಮಗೇನು ಭಯ?"

"ನನ್ನ ಮೊಮ್ಮಗಳು ಸೈನ್ಯ ಸೇರಿದಾಳೆ. ಅವಳು ನೋಡ್ತಾಳೆ."

"ನನ್ನ ಗಂಡನಿಗೆ ತಾಯಿ ಇದಾರೆ. ಅವರು ಹನ್ನೊಂದು ವರ್ಷದಿಂದ ನೋಡ್ತಿದಾರೆ."

ಅವನು ಟೋಪಿಯನ್ನು ತಿರುಗಿಸುತ್ತಲೇ ಇದ್ದ. ಕೊನೆಗೆ, "ಏನ್ ಮಾಡ್ಬೇಕು ಹೇಳಿ" ಅಂದ.

"ನನ್ನ ಗಂಡ ಜಾಗ ಬಿಡಲಿಲ್ಲ ಅಂತ ಬರೀರಿ. ಮೊದಲು ನೀವು. ಆಮೇಲೆ ನಾನು ಡೈರೆಕ್ಟರಿಗೆ ಬರೀತೀನಿ."

ಕಾರಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ಬರೆದ. ಸಂದೇಶವನ್ನು ತಪ್ಪಾಗಿ ತಿಳಿದೆ, ದೋಣಿ ನಿಲ್ಲಿಸಿದ ನಿರ್ಧಾರ ನನ್ನದು, ಕ್ಯಾಪ್ಟನ್ ಕೊನೆಯವರೆಗೂ ಜಾಗದಲ್ಲೇ ಇದ್ದರು ಎಂದು. ಒಂದು ಪ್ರತಿ ಸೈನ್ಯದ ಮುಖ್ಯ ಕಚೇರಿಗೆ, ಒಂದು ಪೇಪರಿನವರಿಗೆ. ನಾನು ಜೋರಾಗಿ ಓದಿಸಿದೆ. ಆಶ್ಚರ್ಯವೆಂದರೆ ಅವನ ದನಿ ಒಂದು ಸಲವೂ ನಡುಗಲಿಲ್ಲ. ತಪ್ಪು ಮಾಡಿದವನು ಎನಿಸಿಕೊಳ್ಳಲು ಅವನಿಗೆ ನಾಚಿಕೆಯಿಲ್ಲ ಪಟಾಕಿ. ಹೆದರಿದವನು ಎನಿಸಿಕೊಳ್ಳುವುದೇ ಪ್ರಾಣಸಂಕಟ. ಎಲ್ಲಿ ಚುಚ್ಚಿದರೆ ನೋಯುತ್ತದೆಂದು ನೀನು ಮೊದಲೇ ಕಂಡುಕೊಂಡಿದ್ದೆ.

ಅಂಚೆ ಕಚೇರಿಯ ಮುಂದೆ ಇಳಿಸಿದೆ. ತನ್ನ ಕೈಯಾರೆ ಎರಡನ್ನೂ ಪೆಟ್ಟಿಗೆಗೆ ಹಾಕಿ ಬಂದು ಕಿಟಕಿಗೆ ಬಗ್ಗಿ, "ಇನ್ನು ನೀವು..." ಅಂದ.

"ಬರೀತೀನಿ" ಅಂದೆ.

ಅತ್ತಿಗೆ


ಏಪ್ರಿಲ್ 21

ಅತ್ತಿಗೆ,

ನಿಮ್ಮ ಕಾಗದವನ್ನು ಕ್ವಾರಿಯ ಶೆಡ್ಡಿನಲ್ಲಿ ಕೂತು ಓದಿದೆ. ಓದುತ್ತ ಅತ್ತುಬಿಟ್ಟೆ. ಪಕ್ಕದವನು ಕಣ್ಣಿಗೆ ಕಲ್ಲಿನ ಪುಡಿ ಹೋಯಿತೆಂದು ನೀರು ತಂದುಕೊಟ್ಟ.

ಒಂದು ಮಾತು ಕೇಳುತ್ತೇನೆ. ಬೇಗ ಡೈರೆಕ್ಟರಿಗೆ ಬರೆದುಬಿಡಿ, ಆ ಶಾಟ್ ತೆಗೆಸಿ. ಸೇಡು ತೀರಿಸಿಕೊಂಡ ಮೇಲೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರುತ್ತಿಲ್ಲ. ಇಲ್ಲಿ ಬಂಡೆ ಒಡೆಯಲು ಮದ್ದಿಟ್ಟು ಗುಂಡಿ ಒತ್ತುವಾಗಲೆಲ್ಲ "ಅಮ್ಮಾ" ಎನ್ನುವ ದನಿ ಕೇಳುತ್ತದೆ. ಅಣ್ಣನೂ ಆಚೆ ದಡದಲ್ಲಿ ಹಾಗೆ ಕೂಗಿರಬಹುದಲ್ಲವೇ? ಕೂಗಿದ್ದರೆ ತಪ್ಪೇನು? ಹೆದರಿಕೆ ಯಾರಿಗಿಲ್ಲ? ಹೆದರಿಯೂ ಜಾಗ ಬಿಡಲಿಲ್ಲ, ಅದಲ್ಲವೇ ಅವನು.

ಸಾಹೇಬರು ಬರೆದುಕೊಟ್ಟರು. ನೀವು ಮಾತು ಕೊಟ್ಟಿದ್ದೀರಿ. ನಾವು ಅವರ ಹಾಗೆ ಆಗುವುದು ಬೇಡ.

ಪಟಾಕಿ


ಜೂನ್ 3

ಪಟಾಕಿ,

ಹೆಸರು ಕೊರೆದರು.

ಪೇಪರಿನಲ್ಲಿ ಬಂದ ಮೇಲೆ ಕಚೇರಿಯವರಿಗೆ ಬೇರೆ ದಾರಿಯಿರಲಿಲ್ಲ. ನಿನ್ನೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಸಾಲಿನಲ್ಲಿ ಜಾಗವಿಲ್ಲದೆ ಎಲ್ಲರಿಗಿಂತ ಕೆಳಗೆ ಕೊರೆದಿದ್ದಾರೆ. ಒಳ್ಳೆಯದೇ ಆಯಿತು, ಅತ್ತೆಗೆ ಬಗ್ಗದೆ, ಕೂತಲ್ಲಿಂದಲೇ ಕೈಗೆ ಸಿಕ್ಕಿತು. ಒಂದೊಂದೇ ಅಕ್ಷರಕ್ಕೆ ಬೆರಳು ಹಾಕಿ ನೋಡಿದರು. "ಒತ್ತು ಸರಿಯಾಗಿ ಕೊಟ್ಟಿದಾರೆ" ಅಂದರು. ವಾಪಸು ಬರುವಾಗ ಪೂರ್ತಿ ದಾರಿ ಕಾರಿನ ಕಿಟಕಿ ಇಳಿಸಿಕೊಂಡು ಕೂತಿದ್ದರು. ಬೀದಿಗೆ ಬಂದಾಗ ಇನ್ನೂ ನಿಧಾನ ಓಡಿಸು ಎಂದರು.

ಸಿನಿಮಾದ ಕ್ಯಾಪ್ಟನ್ ಇನ್ನು ಓಡುವುದಿಲ್ಲವಂತೆ. ಪೇಪರಿನ ಸುದ್ದಿ ನೋಡಿದ ಡೈರೆಕ್ಟರು ಆ ನಟನನ್ನು ಮತ್ತೆ ಕರೆಸಿ, ಅವನು ಪಂಪ್‌ಹೌಸಿನಲ್ಲೇ ಸಾಯುವ ಹಾಗೆ ತೆಗೆದರಂತೆ. ಧರ್ಮಕ್ಕಲ್ಲ, ಈಗ ಕಥೆ ಇನ್ನೂ ಚೆನ್ನಾಗಿ ಓಡುತ್ತದೆ ಎಂದು. ಓಡಲಿ.

ನಿನ್ನ ಸಾಹೇಬ ಆಗಾಗ ಫೋನ್ ಮಾಡುತ್ತಾನೆ. "ಬರೆದ್ರಾಮ್ಮ?" ಎನ್ನುತ್ತಾನೆ. "ಬರೆದಿದೀನಿ ಸರ್, ಇನ್ನೇನು ಆಗುತ್ತೆ" ಎನ್ನುತ್ತೇನೆ. ನಿನಗೂ ಅದನ್ನೇ ಹೇಳುತ್ತೇನೆ. ಡೈರೆಕ್ಟರಿಗೆ ಬರೆದಿದ್ದೇನೆ.

ಅತ್ತಿಗೆ


ಜೂನ್ 12

ಅತ್ತಿಗೆ,

ನೀವು ದೊಡ್ಡವರು. ನಾನು ನಿಮ್ಮ ಕಾಲಧೂಳಿಗೂ ಸಮನಲ್ಲ. ಬರೆದಿದ್ದೇನೆ ಎಂಬ ಒಂದು ಮಾತು ಓದಿದ ದಿನ ಎಷ್ಟೋ ಕಾಲದ ಮೇಲೆ ಬೆಳಗಿನವರೆಗೆ ಮಲಗಿದೆ. ಸಿನಿಮಾ ಬಿಡುಗಡೆಯಾದಾಗ ನಾನು ನೋಡುವುದಿಲ್ಲ. ಆ ಹೊಳೆ ನನಗೆ ಸಾಕು.

ರಜೆ ಸಿಕ್ಕಿದಾಗ ಬರುತ್ತೇನೆ. ಅಣ್ಣನ ಹೆಸರನ್ನು ನಾನೂ ಮುಟ್ಟಬೇಕು.

ಪಟಾಕಿ


ಸೆಪ್ಟೆಂಬರ್ 14

ಪಟಾಕಿ,

ಈ ಕಾಗದ ನಿನಗೆ ಇಷ್ಟವಾಗುವುದಿಲ್ಲ. ಆದರೂ ಬೇರೆಯವರ ಬಾಯಿಂದ ನೀನು ಕೇಳುವುದು ಬೇಡ.

ನಿನ್ನೆ ಸಿನಿಮಾ ಬಂತು. ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಥಿಯೇಟರ್ ತುಂಬಿತ್ತು. ನಿನ್ನಣ್ಣನ ಭಾಗ ಚೆನ್ನಾಗಿದೆ, ಆ ನಟನ ಮುಖಕ್ಕೆ ಅವನ ಕಳೆ ಇಲ್ಲ, ಅಷ್ಟೇ. ಪಂಪ್‌ಹೌಸಿನಲ್ಲಿ ಅವನು ಬಿದ್ದಾಗ ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ನಾನು ಅಳಲಿಲ್ಲ. ಮುಂದೆ ಬರುವುದಕ್ಕೆ ಕಾಯುತ್ತಿದ್ದೆ.

ಬಂತು. ಹೊಗೆ, ನೀರಿನ ಕಂಬಗಳು, ದೋಣಿಯ ತಳದಲ್ಲಿ ಮುದುಡಿದ ಅವನು. ಗೋಡೆಯಷ್ಟು ದೊಡ್ಡ ಮುಖ, ಬಾಯಿಂದ ಜೊಲ್ಲು. "ನನ್ನನ್ನ ಕರ್ಕೊಂಡ್ಹೋಗಿ, ಅಮ್ಮಾ." ನೀನು ಬರೆದದ್ದಕ್ಕಿಂತ ಉದ್ದವಾಗಿದೆ. ಒಂದು ಚೂರನ್ನೂ ತೆಗೆದಿಲ್ಲ. ಥಿಯೇಟರಿಗೆ ಥಿಯೇಟರೇ ನಕ್ಕಿತು.

ಡೈರೆಕ್ಟರಿಗೆ ಬರೆದಿದ್ದೇನೆ ಎಂದದ್ದು ನಿಜ. "ಆ ಶಾಟಿನಲ್ಲಿ ಒಂದು ಫ್ರೇಮನ್ನೂ ತೆಗೆಯಬೇಡಿ, ತೆಗೆದರೆ ಕೋರ್ಟಿಗೆ ಬರುತ್ತೇನೆ" ಎಂದು ಬರೆದಿದ್ದೆ. ಅವನ ಹಾಗೆ ಆಗುವುದು ಬೇಡ ಎಂದು ನೀನು ಕೇಳಿಕೊಂಡಿದ್ದೆ. ಯೋಚಿಸಿದೆ. ನಿನಗೆ ಅವನ ಕೂಗು ಕೇಳಿದರೆ ನಿದ್ದೆ ಹೋಗುತ್ತದೆ, ನನಗೆ ಅದು ಕೇಳಿಸದೆ ಹನ್ನೊಂದು ವರ್ಷ ನಿದ್ದೆ ಹೋಗಿತ್ತು. ನಾವಿಬ್ಬರೂ ಒಂದೇ ಮನೆಯವರಾದರೂ ಒಂದೇ ಮಣ್ಣಿನವರಲ್ಲ.

ಇಂದು ಬೆಳಿಗ್ಗೆ ಅವನ ಫೋನ್ ಬಂತು. ಎತ್ತಿದೆ. ಅವನ ಉಸಿರು ಮಾತ್ರ ಕೇಳುತ್ತಿತ್ತು. ಯಾರು ಮೊದಲು ಇಟ್ಟರೆಂದು ಗೊತ್ತಾಗಲಿಲ್ಲ.

ಸಮಾಧಾನವಾಯಿತೇ ಎಂದು ನೀನು ಕೇಳುತ್ತೀಯ. ಸಿನಿಮಾ ಮುಗಿದು ಜನವೆಲ್ಲ ಎದ್ದು ಹೋದ ಮೇಲೂ ಅತ್ತೆ ಎದ್ದಿರಲಿಲ್ಲ. ಪರದೆಯ ಕಡೆಗೇ ಮುಖ ಮಾಡಿ ಕೂತಿದ್ದರು. ಕಸ ಗುಡಿಸುವವರು ಒಳಗೆ ಬಂದರು. ಸುಸ್ತಾಯಿತೇನೋ ಎಂದು ನಾನು ಕೈ ಹಿಡಿದೆ.

"ಅಮ್ಮಾ ಅಂತ ಕೂಗಿದ್ನಲ್ಲ, ಅವನೇನಾ?" ಎಂದು ಕೇಳಿದರು.

"ಅವನೇ ಅತ್ತೆ."

"ಜನ ನಕ್ಕಿದ್ರಲ್ಲಿ ಸರಿಯಾಗಿ ಕೇಳಿಸ್ಲಿಲ್ಲ" ಅಂದರು. "ನಾಳೆ ಜನ ಕಮ್ಮಿ ಇರೋ ಆಟಕ್ಕೆ ಟಿಕೆಟ್ ತಗೋ. ಮುಂದಿನ ಸಾಲಲ್ಲಿ."

ತೆಗೆದುಕೊಂಡಿದ್ದೇನೆ.

ಅತ್ತಿಗೆ